ಸಂಯುಕ್ತ ಅರಬ್ ಸಂಸ್ಥಾನ: ಅಲ್ ಐನ್‌ನ ನೀರಿನ ಕಡೆಯಿಂದ

ಸಂಯುಕ್ತ ಅರಬ್ ಸಂಸ್ಥಾನದ ಮಾತು ಬಂದಾಗಲೆಲ್ಲ ನಮ್ಮಲ್ಲಿ ಒಂದು ವಾಕ್ಯ ತಪ್ಪದೆ ಕೇಳಿಬರುತ್ತದೆ: ಐವತ್ತು ವರ್ಷಗಳ ಹಿಂದೆ ಅಲ್ಲಿ ಮರಳು ಬಿಟ್ಟರೆ ಏನೂ ಇರಲಿಲ್ಲ, ಎಣ್ಣೆ ಸಿಕ್ಕಿತು, ಊರು ಎದ್ದಿತು. ದುಬೈಯ ಗಗನಚುಂಬಿ ಕಟ್ಟಡಗಳನ್ನು ನೋಡಿ ಬಂದವರು ಮಾತ್ರವಲ್ಲ, ಅಲ್ಲಿಯೇ ಹತ್ತಾರು ವರ್ಷ ದುಡಿದವರೂ ಹಾಗೆಯೇ ಹೇಳುತ್ತಾರೆ. ಅಬುಧಾಬಿಯ ಒಳನಾಡಿನಲ್ಲಿ, ಒಮಾನ್ ಗಡಿಗೆ ಅಂಟಿಕೊಂಡಂತಿರುವ ಅಲ್ ಐನ್ ಎಂಬ ಊರಿನಲ್ಲಿ ಕೆಲವು ವರ್ಷ ಇದ್ದು ಬಂದ ನನಗೆ ಈ ಮಾತನ್ನು ಒಪ್ಪಲು ಸಾಧ್ಯವಾಗಿಲ್ಲ. ರಾಜ್ಯವಾಗಿ ಆ ದೇಶ ಹುಟ್ಟಿದ್ದು 1971ರಲ್ಲಿ ಎಂಬುದು ನಿಜ. ಆದರೆ ಏಳು ಪಾಳೆಯಗಳು (ಎಮಿರೇಟ್‌ಗಳು) ಒಂದಾಗಿ ಬಾಳುವುದಕ್ಕೆ ಬೇಕಾದ ವಿವೇಕ ಎಣ್ಣೆಯ ಜೊತೆ ಬಂದದ್ದಲ್ಲ. ಅದು ನೀರು ಹಂಚಿಕೊಳ್ಳುವ ಪದ್ಧತಿಯಲ್ಲಿ ಬಹುಕಾಲದಿಂದ ರೂಢಿಯಾಗಿದ್ದದ್ದು ಎಂದು ನಾನು ನಂಬಿದ್ದೇನೆ.

ನಾನು ಬೀದರಿನವನು. ನೌಬಾದಿನ ನೆಲದಡಿಯ ಕರೇಜ್ ಸುರಂಗವನ್ನು, ಅದರ ಮೇಲೆ ಸಾಲಾಗಿ ತೆರೆದ ಗಾಳಿಬಾವಿಗಳನ್ನು ಚಿಕ್ಕಂದಿನಿಂದ ನೋಡಿದವನು. ಬಹಮನಿ ಅರಸರ ಕಾಲದಲ್ಲಿ, 15ನೇ ಶತಮಾನದಲ್ಲಿ, ಪರ್ಷಿಯಾದ ವಿದ್ಯೆಯಿಂದ ಕೊರೆದ ಆ ಸುರಂಗ ಬೀದರಿನ ಜಂಬಿಟ್ಟಿಗೆ ಕಲ್ಲಿನ ಒಡಲಿನಿಂದ ನೀರನ್ನು ಸೋಸಿ ತಂದು ಜನರಿಗೆ ಒದಗಿಸುತ್ತಿತ್ತು. ಅಲ್ ಐನ್‌ಗೆ ಹೋದಾಗ ಅದೇ ತತ್ತ್ವದ ಕಾಲುವೆಗಳು ಅಲ್ಲಿಯೂ ಇರುವುದನ್ನು ಕಂಡೆ. ಅವುಗಳನ್ನು ಅಲ್ಲಿ ಫಲಜ್ ಎನ್ನುತ್ತಾರೆ. ಹೀಲಿ ಎಂಬಲ್ಲಿ ಅಗೆದು ತೆಗೆದ ಫಲಜ್ ಕ್ರಿಸ್ತಪೂರ್ವ 1000ದ ಸುಮಾರಿಗೆ ಸೇರಿದ್ದು ಎಂದು ಪುರಾತತ್ತ್ವಜ್ಞರು ನಿರ್ಧರಿಸಿದ್ದಾರೆ. ಅಂದರೆ ಮೂರು ಸಾವಿರ ವರ್ಷಗಳ ಹಿಂದೆ, ಕಬ್ಬಿಣಯುಗದಲ್ಲಿ, ಈ 'ಏನೂ ಇಲ್ಲದ' ನೆಲದ ಜನರು ಬೆಟ್ಟದ ಬುಡದ ಅಂತರ್ಜಲವನ್ನು ಹುಡುಕಿ, ಅಲ್ಲೊಂದು ತಾಯಿಬಾವಿ ತೋಡಿ, ಅಲ್ಲಿಂದ ಊರಿನವರೆಗೆ ಕಣ್ಣಳತೆಗೆ ನಿಲುಕದಷ್ಟು ಸಣ್ಣ ಇಳಿಜಾರಿನ ಸುರಂಗ ಕೊರೆಯುವುದನ್ನು ಬಲ್ಲವರಾಗಿದ್ದರು. ಇಳಿಜಾರು ಹೆಚ್ಚಾದರೆ ನೀರು ರಭಸದಿಂದ ಹರಿದು ಸುರಂಗದ ಗೋಡೆಯನ್ನು ಕೊರೆಯುತ್ತದೆ, ಕಡಿಮೆಯಾದರೆ ಹೂಳು ಕಟ್ಟಿ ನಿಲ್ಲುತ್ತದೆ.

ಅಲ್ ಐನ್‌ನ ಹಳೆಯ ತೋಟದಲ್ಲಿ ಸುಮಾರು ಒಂದೂವರೆ ಲಕ್ಷ ಖರ್ಜೂರದ ಮರಗಳಿವೆ ಎನ್ನುತ್ತಾರೆ. ಎರಡೂ ಬದಿಗೆ ಮಣ್ಣಿನ ಗೋಡೆಗಳಿರುವ ಓಣಿಗಳಲ್ಲಿ ನಡೆದರೆ ಹೊರಗಿನ ಬೇಸಿಗೆಯ ಉರಿ ಒಮ್ಮೆಗೆ ತಗ್ಗುತ್ತದೆ. ಎತ್ತರದಲ್ಲಿ ಖರ್ಜೂರದ ಗರಿಗಳ ಚಪ್ಪರ, ಅದರ ನೆರಳಿನಲ್ಲಿ ಮಾವು, ನಿಂಬೆ, ಬಾಳೆ, ಅವುಗಳ ಬುಡದಲ್ಲಿ ದನಕರುಗಳಿಗಾಗಿ ಬೆಳೆದ ಕುದುರೆಮೆಂತೆಯ ಹಸಿರು. ಒಂದೇ ನೀರಿಗೆ ಮೂರು ಅಂತಸ್ತಿನ ಬೆಳೆ. ನಾನು ಒಂದು ಬೆಳಿಗ್ಗೆ ಅಲ್ಲಿ ನಿಂತು ಒಬ್ಬ ತೋಟಗಾರನ ಕೆಲಸವನ್ನು ನೋಡುತ್ತಿದ್ದೆ. ಮೊಣಕೈಯಷ್ಟು ಅಗಲದ ಕಾಲುವೆಯ ಪಕ್ಕದಲ್ಲಿ ಒಂದು ಕಿಂಡಿ, ಅದಕ್ಕೆ ಬಟ್ಟೆಯನ್ನೂ ಮಣ್ಣನ್ನೂ ಸುತ್ತಿ ಮಾಡಿದ ಬಿರಡೆ. ಅವನು ಮುಖ್ಯ ಕಾಲುವೆಗೆ ಅಡ್ಡಲಾಗಿ ಒಂದು ಹಲಗೆಯನ್ನಿಳಿಸಿ ಬಿರಡೆಯನ್ನು ಕಿತ್ತ. ನೀರು ಸದ್ದಿಲ್ಲದೆ ತಿರುಗಿ ಪಾತಿಯೊಳಕ್ಕೆ ಹರಿಯತೊಡಗಿತು. ಕೊನೆಯ ಮರದ ಬುಡ ತೊಯ್ದಿತೋ ಇಲ್ಲವೋ ಎಂದು ನೋಡಿಕೊಂಡು, ಬಿರಡೆಯನ್ನು ಮತ್ತೆ ತುರುಕಿ, ಮಣ್ಣು ಮೆತ್ತಿ, ಹಲಗೆಯನ್ನೆತ್ತಿ ಮುಂದಿನ ತೋಟದ ಕಡೆಗೆ ನಡೆದ. ಈ ಇಡೀ ಕೆಲಸದಲ್ಲಿ ಒಂದು ಬೊಗಸೆ ನೀರೂ ಓಣಿಗೆ ಚೆಲ್ಲಲಿಲ್ಲ.

ಯಾರ ತೋಟಕ್ಕೆ ಎಷ್ಟು ಹೊತ್ತು ನೀರು ಎಂಬುದನ್ನು ನಿರ್ಧರಿಸುವುದಕ್ಕೆ ಅರೀಫ್ ಎಂಬ ಮೇಲ್ವಿಚಾರಕನಿರುತ್ತಿದ್ದ. ಗಡಿಯಾರ ಬರುವ ಮೊದಲು ಹಗಲಿನಲ್ಲಿ ನೆರಳಿನ ಉದ್ದದಿಂದ, ರಾತ್ರಿಯಲ್ಲಿ ನಕ್ಷತ್ರಗಳ ಉದಯದಿಂದ ಪಾಳಿಯನ್ನು ಅಳೆಯುತ್ತಿದ್ದರು. ಸುರಂಗದಿಂದ ನೀರು ಬಯಲಿಗೆ ಬರುವ ಜಾಗದಲ್ಲಿ ಕುಡಿಯುವುದಕ್ಕೆ ಎಲ್ಲರಿಗೂ ಹಕ್ಕು. ಅದರ ಕೆಳಗೆ ಸ್ನಾನ, ಶುಚಿ. ಅನಂತರವೇ ತೋಟಗಳ ಪಾಳಿ. ನೀರಿನ ಪಾಲನ್ನು ಮಾರಬಹುದಿತ್ತು, ಬಾಡಿಗೆಗೆ ಕೊಡಬಹುದಿತ್ತು, ಮಕ್ಕಳಿಗೆ ಹಂಚಬಹುದಿತ್ತು. ಅನುಕೂಲಸ್ಥರ ಕೈಯಲ್ಲಿ ಪಾಲುಗಳು ಗುಡ್ಡೆಯಾದಾಗ ಬಡವನ ತೋಟ ಒಣಗುತ್ತಿದ್ದುದೂ ಉಂಟು. 1946ರಲ್ಲಿ ಅಲ್ ಐನ್ ಸೀಮೆಯ ಆಡಳಿತವನ್ನು ವಹಿಸಿಕೊಂಡ ಶೇಖ್ ಝಾಯೆದ್ ಬಿನ್ ಸುಲ್ತಾನ್ ಅಲ್ ನಹ್ಯಾನ್ ಮೊದಲು ಕೈಹಚ್ಚಿದ್ದು ಇದಕ್ಕೇ. ಹೂಳು ತುಂಬಿದ ಫಲಜ್‌ಗಳನ್ನು ಶುಚಿ ಮಾಡಿಸಿದರು, ಅಲ್ ಸರೂಜ್ ಎಂಬ ಹೊಸ ಫಲಜ್ ತೋಡಿಸಿದರು, ನೀರಿನ ಹಕ್ಕು ಕೆಲವೇ ಮನೆತನಗಳ ಸೊತ್ತಾಗಿ ಉಳಿಯದಂತೆ ಹಳೆಯ ಕಟ್ಟಳೆಯನ್ನು ಬದಲಾಯಿಸಿದರು. ಆಗ ಅಬುಧಾಬಿಯಲ್ಲಿ ಎಣ್ಣೆ ಇನ್ನೂ ಸಿಕ್ಕಿರಲಿಲ್ಲ. ಮುಂದೆ ಒಂದು ದೇಶವನ್ನು ಕಟ್ಟಿದ ಮನುಷ್ಯ ತನ್ನ ಆಡಳಿತದ ಅಕ್ಷರಾಭ್ಯಾಸವನ್ನು ಕಾಲುವೆಯ ದಂಡೆಯಲ್ಲಿ, ಪಾಲಿಗಾಗಿ ಜಗಳವಾಡುವವರ ನಡುವೆ ಕುಳಿತು ಮಾಡಿದರು ಎಂಬುದು ನನಗೆ ಆ ದೇಶದ ಇತಿಹಾಸದಲ್ಲೇ ಅತ್ಯಂತ ಮುಖ್ಯವೆನಿಸುವ ಸಂಗತಿ.

ನೆಲದ ಹಳಮೆ ಇನ್ನೂ ಹಿಂದಕ್ಕೆ ಹೋಗುತ್ತದೆ. ಅಲ್ ಐನ್‌ನ ದಕ್ಷಿಣಕ್ಕೆ ಮರಳುಗಾಡಿನಿಂದ ಒಮ್ಮೆಗೇ ಎದ್ದು ನಿಂತಿರುವ ಜೆಬೆಲ್ ಹಫೀತ್ ಎಂಬ ಬೋಳು ಸುಣ್ಣಕಲ್ಲಿನ ಬೆಟ್ಟದ ಬುಡದಲ್ಲಿ ಐದು ಸಾವಿರ ವರ್ಷಗಳಷ್ಟು ಹಳೆಯ, ಕಲ್ಲನ್ನು ಪೇರಿಸಿ ಮಾಡಿದ ಗೋರಿಗಳಿವೆ. ಹೀಲಿಯ ದೊಡ್ಡ ಗೋರಿ ದುಂಡಗಿದೆ, ಹನ್ನೆರಡು ಮೀಟರ್ ಅಗಲವಿದೆ. ಅದರ ಬಾಗಿಲಿನ ಕಲ್ಲಿನ ಮೇಲೆ ಎರಡು ಓರಿಕ್ಸ್ ಜಿಂಕೆಗಳ ನಡುವೆ ಇಬ್ಬರು ಮನುಷ್ಯರು ನಿಂತಿರುವ ಉಬ್ಬುಕೆತ್ತನೆಯಿದೆ. ಜಿಂಕೆಗಳ ಉದ್ದನೆಯ ಕೊಂಬುಗಳು ಇಂದಿಗೂ ಸ್ಪಷ್ಟವಾಗಿ ಕಾಣುತ್ತವೆ. ಇದು ಉಮ್ಮ್ ಅಲ್ ನಾರ್ ಸಂಸ್ಕೃತಿಯ ಕಾಲದ್ದು, ಕ್ರಿಸ್ತಪೂರ್ವ ಸುಮಾರು 2600ರಿಂದ 2000ದವರೆಗಿನದು. ಅಬುಧಾಬಿಯ ಪಕ್ಕದ ಉಮ್ಮ್ ಅಲ್ ನಾರ್ ದ್ವೀಪದಲ್ಲಿ 1959ರಲ್ಲಿ ಡೆನ್ಮಾರ್ಕಿನ ತಂಡವೊಂದು ಉತ್ಖನನ ಆರಂಭಿಸಿದ ಮೇಲೆಯೇ ಈ ಸಂಸ್ಕೃತಿ ಲೋಕಕ್ಕೆ ಗೊತ್ತಾದದ್ದು. ಮೆಸೊಪೊಟೇಮಿಯಾದ ಬರಹಗಳಲ್ಲಿ ತಾಮ್ರದ ನಾಡಾಗಿ ಬರುವ ಮಗನ್ ಇದೇ ಸೀಮೆ ಎಂದು ವಿದ್ವಾಂಸರು ಒಪ್ಪುತ್ತಾರೆ. ಹಜರ್ ಬೆಟ್ಟಗಳ ತಾಮ್ರ ಇಲ್ಲಿಂದ ಹೊರಟರೆ, ಸಿಂಧೂ ಕಣಿವೆಯ ಕೆಂಪು ಕಾರ್ನೀಲಿಯನ್ ಮಣಿಗಳು ಇಲ್ಲಿಗೆ ಬರುತ್ತಿದ್ದವು. ಗೋರಿಗಳಲ್ಲಿ ಸಿಕ್ಕ ಆ ಮಣಿಗಳನ್ನು ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ನೋಡಿದಾಗ ನಮ್ಮ ಉಪಖಂಡಕ್ಕೂ ಈ ಮರಳಿಗೂ ಇರುವ ಸಂಬಂಧ ನಾಲ್ಕು ಸಾವಿರ ವರ್ಷಗಳಿಗೂ ಹಳೆಯದು ಎಂಬುದು ಮನಸ್ಸಿಗೆ ನಾಟಿತು. ಹೀಲಿ, ಹಫೀತ್, ಬಿದಾ ಬಿಂತ್ ಸೌದ್ ಮತ್ತು ಅಲ್ ಐನ್‌ನ ತೋಟಗಳನ್ನು ಒಟ್ಟಾಗಿ ಯುನೆಸ್ಕೊ 2011ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಒಳನಾಡಿನಲ್ಲಿ ನೀರು ಹೇಗೋ, ಕರಾವಳಿಯಲ್ಲಿ ಮುತ್ತು ಹಾಗೆ. ಬೇಸಿಗೆಯ ನಾಲ್ಕು ತಿಂಗಳು ಊರಿನ ಗಂಡಸರೆಲ್ಲ ದೋಣಿಯೇರಿ ಮುತ್ತಿನ ದಿಬ್ಬಗಳಿಗೆ ಹೋಗುತ್ತಿದ್ದರು. ನಾಖುದಾ ದೋಣಿಯ ಯಜಮಾನ. ಮುಳುಗುವವನು ಮೂಗಿಗೆ ಕೊಂಬಿನ ಚಿಮಟ ಸಿಕ್ಕಿಸಿ, ಬೆರಳುಗಳಿಗೆ ಚರ್ಮದ ಕವಚ ಹಾಕಿ, ಕಾಲಿಗೆ ಕಲ್ಲಿನ ಭಾರ ಕಟ್ಟಿಕೊಂಡು ಇಳಿಯುತ್ತಿದ್ದ. ಮೇಲೆ ಹಗ್ಗ ಹಿಡಿದು ನಿಂತವನು ಸನ್ನೆ ಸಿಕ್ಕಿದ ಕೂಡಲೇ ಅವನನ್ನು ಎಳೆದುಕೊಳ್ಳುತ್ತಿದ್ದ. ದಣಿವು ಮರೆಸುವುದಕ್ಕೆ ದೋಣಿಯಲ್ಲಿ ಒಬ್ಬ ಹಾಡುಗಾರನೂ ಇರುತ್ತಿದ್ದ. ಮುಳುಗುವವನು ಋತುವಿನ ಆರಂಭದಲ್ಲಿ ನಾಖುದಾನಿಂದ ಮುಂಗಡ ಪಡೆದಿರುತ್ತಿದ್ದ. ಮುತ್ತು ಸಿಗದ ವರ್ಷ ಸಾಲ ಬೆಳೆಯುತ್ತಿತ್ತು, ಸತ್ತರೆ ಅದು ಮಗನ ತಲೆಗೆ ಬರುತ್ತಿತ್ತು. ಪೂರ್ವ ಆಫ್ರಿಕಾದಿಂದ ಹಿಡಿದು ತಂದ ಗುಲಾಮರೂ ಈ ದೋಣಿಗಳಲ್ಲಿ ಮುಳುಗಿದ್ದಾರೆ. ಮುತ್ತಿನ ಕಾಲವನ್ನು ಹಳೆಯ ಸೊಬಗಿನ ಕಾಲವೆಂದು ಹಾಡಿ ಹೊಗಳುವಾಗ ಇದನ್ನು ಮರೆಯಬಾರದು.

ಆ ಮುತ್ತುಗಳು ಸೇರುತ್ತಿದ್ದುದು ಮುಂಬಯಿಗೆ. ಮುಂಬಯಿಯಿಂದ ಅಕ್ಕಿ, ಬಟ್ಟೆ, ಸಾಂಬಾರ ಪದಾರ್ಥ ಬರುತ್ತಿದ್ದವು. ದೋಣಿ ಕಟ್ಟುವ ಸಾಗುವಾನಿ ಭಾರತದ ಪಶ್ಚಿಮ ಕರಾವಳಿಯಿಂದಲೇ ಬರಬೇಕಿತ್ತು, ಏಕೆಂದರೆ ಹಲಗೆಯಾಗುವ ಮರ ಆ ನಾಡಿನಲ್ಲಿ ಬೆಳೆಯುವುದಿಲ್ಲ. ರಾಜಕೀಯವಾಗಿಯೂ ಆ ಕರಾವಳಿ ನಮ್ಮೊಡನೆ ಬಿಗಿದುಕೊಂಡಿತ್ತು. 1819ರಲ್ಲಿ ರಾಸ್ ಅಲ್ ಖೈಮಾ ಪಾಳೆಯವನ್ನು ಆಳುತ್ತಿದ್ದ ಕಾಸಿಮಿಗಳ ಮೇಲೆ ದಂಡೆತ್ತಿ ಹೋದ ಬ್ರಿಟಿಷ್ ನೌಕಾಪಡೆ ಹೊರಟದ್ದು ಮುಂಬಯಿಯಿಂದ. ಕಾಸಿಮಿಗಳನ್ನು ಕಡಲ್ಗಳ್ಳರೆಂದು ಬ್ರಿಟಿಷರು ಕರೆದರು. ತಮ್ಮ ಕಡಲಿನ ವ್ಯಾಪಾರವನ್ನು ಕಾಪಾಡಿಕೊಂಡವರೆಂದು ಅಲ್ಲಿಯವರು ಹೇಳುತ್ತಾರೆ, ನನಗೆ ಎರಡನೆಯದರಲ್ಲಿ ಹೆಚ್ಚು ಸತ್ಯ ಕಾಣುತ್ತದೆ. 1820ರ ಒಪ್ಪಂದ, 1853ರ ಶಾಶ್ವತ ಕಡಲ ಕದನವಿರಾಮ, 1892ರ ಒಪ್ಪಂದಗಳ ಮೂಲಕ ಈ ಪಾಳೆಯಗಳ ಹೊರಗಿನ ವ್ಯವಹಾರವೆಲ್ಲ ಬ್ರಿಟಿಷರ ಕೈಗೆ ಹೋಯಿತು, ಮತ್ತು 1947ರವರೆಗೆ ಅದನ್ನು ನೋಡಿಕೊಂಡದ್ದು ಬ್ರಿಟಿಷ್ ಭಾರತದ ಸರ್ಕಾರ. 1909ರಲ್ಲಿ ದುಬೈಯಲ್ಲಿ ತೆರೆದ ಅಂಚೆ ಕಚೇರಿ ಭಾರತೀಯ ಅಂಚೆಯದು. ಚಲಾವಣೆಯಲ್ಲಿದ್ದ ನಾಣ್ಯ ನಮ್ಮ ರೂಪಾಯಿ. ಚಿನ್ನದ ಕಳ್ಳಸಾಗಣೆಯಿಂದ ವಿದೇಶಿ ವಿನಿಮಯ ಸೋರಿಹೋಗುತ್ತಿದ್ದುದನ್ನು ತಡೆಯಲು ಭಾರತೀಯ ರಿಸರ್ವ್ ಬ್ಯಾಂಕ್ 1959ರಲ್ಲಿ ಕೊಲ್ಲಿಗಾಗಿಯೇ ಬೇರೆ ಬಣ್ಣದ ನೋಟುಗಳನ್ನು ಅಚ್ಚು ಹಾಕಿಸಿತು. 1966ರ ಜೂನ್‌ನಲ್ಲಿ ಭಾರತ ರೂಪಾಯಿಯ ಅಪಮೌಲ್ಯ ಮಾಡಿದಾಗ ಅವರು ಆ ಹಣವನ್ನು ಬಿಟ್ಟರು. 1973ರಲ್ಲಿ ತಮ್ಮದೇ ದಿರ್ಹಾಮ್ ತಂದರು.

ಮುತ್ತಿನ ವ್ಯಾಪಾರ ಕುಸಿದದ್ದು ಎರಡು ಪೆಟ್ಟುಗಳಿಂದ: ಜಪಾನಿನ ಕೃಷಿ ಮುತ್ತು ಮಾರುಕಟ್ಟೆಗೆ ಬಂದದ್ದು, ಮತ್ತು 1929ರ ನಂತರದ ಜಾಗತಿಕ ಮುಗ್ಗಟ್ಟು. ಮೂವತ್ತರ ಮತ್ತು ನಲವತ್ತರ ದಶಕಗಳನ್ನು ಆ ಕರಾವಳಿಯ ಹಿರಿಯರು ಹಸಿವಿನ ಕಾಲವೆಂದು ನೆನೆಯುತ್ತಾರೆ. ಅಬುಧಾಬಿಯ ಕಡಲಿನಲ್ಲಿ ಎಣ್ಣೆ ಕಂಡದ್ದು 1958ರಲ್ಲಿ, ಮೊದಲ ಹಡಗು ತುಂಬಿ ಹೊರಟದ್ದು 1962ರಲ್ಲಿ. ದುಬೈಗೆ ಎಣ್ಣೆ ಸಿಕ್ಕಿದ್ದು 1966ರಲ್ಲಿ. ಆದರೆ ಅದಕ್ಕೂ ಮೊದಲೇ ದುಬೈಯ ಅರಸ ಶೇಖ್ ರಶೀದ್ ಬಿನ್ ಸಯೀದ್ ಅಲ್ ಮಕ್ತೂಮ್ ಕುವೈತಿನಿಂದ ಸಾಲ ತಂದು, ಹೂಳು ತುಂಬಿದ್ದ ತಮ್ಮ ಊರಿನ ಅಳಿವೆಯನ್ನು ಆಳಗೊಳಿಸಿ ದೊಡ್ಡ ದೋಣಿಗಳು ಬರುವಂತೆ ಮಾಡಿದ್ದರು. ಎಣ್ಣೆಯೇ ಎಲ್ಲವನ್ನೂ ಮಾಡಿತು ಎನ್ನುವವರು ಈ ಕ್ರಮವನ್ನು ಗಮನಿಸಬೇಕು.

1968ರ ಜನವರಿಯಲ್ಲಿ ಬ್ರಿಟನ್, 1971ರ ಕೊನೆಗೆ ತನ್ನ ಸೇನೆಯನ್ನು ಹಿಂದಕ್ಕೆ ಕರೆಸಿಕೊಳ್ಳುವುದಾಗಿ ಘೋಷಿಸಿತು. ಅದಾಗಿ ಕೆಲವೇ ವಾರಗಳಲ್ಲಿ, ಫೆಬ್ರವರಿ 18ರಂದು, ಅಷ್ಟರಲ್ಲಿ ಅಬುಧಾಬಿಯ ಅರಸರಾಗಿದ್ದ ಝಾಯೆದ್ ಮತ್ತು ದುಬೈಯ ರಶೀದ್ ತಮ್ಮ ಎರಡು ಸೀಮೆಗಳ ನಡುವಿನ ಮರಳಿನಲ್ಲಿ ಹಾಕಿದ ಡೇರೆಯೊಂದರಲ್ಲಿ ಕುಳಿತು ಒಂದಾಗಲು ಒಪ್ಪಿದರು. ಈ ಎರಡು ಮನೆತನಗಳ ಸಂಬಂಧ ಸರಳವಾದದ್ದಲ್ಲ. ಎರಡೂ ಬನೀ ಯಾಸ್ ಬುಡಕಟ್ಟಿನ ಕವಲುಗಳು. 1833ರಲ್ಲಿ ಒಂದು ಕವಲು ಅಬುಧಾಬಿಯಿಂದ ಒಡೆದು ಹೋಗಿ ದುಬೈಯಲ್ಲಿ ನೆಲೆಯೂರಿತ್ತು, ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೂ ಅವುಗಳ ನಡುವೆ ಗಡಿಗಾಗಿ ಕಾದಾಟ ನಡೆದಿತ್ತು. ಬಹ್ರೇನ್ ಮತ್ತು ಕತಾರ್ ಕೂಡ ಸೇರಬೇಕೆಂಬ ಮಾತುಕತೆ ಮೂರು ವರ್ಷ ನಡೆದು ಮುರಿದುಬಿತ್ತು. ಕೊನೆಗೆ 1971ರ ಡಿಸೆಂಬರ್ 2ರಂದು ದುಬೈಯ ಜುಮೈರಾದಲ್ಲಿ ಅಬುಧಾಬಿ, ದುಬೈ, ಶಾರ್ಜಾ, ಅಜ್ಮಾನ್, ಉಮ್ಮ್ ಅಲ್ ಕ್ವೈನ್, ಫುಜೈರಾಗಳ ಆರು ಜನ ಅರಸರು ಒಕ್ಕೂಟವನ್ನು ಘೋಷಿಸಿದರು. ರಾಸ್ ಅಲ್ ಖೈಮಾ 1972ರ ಫೆಬ್ರವರಿ 10ರಂದು ಸೇರಿತು. ಅದರ ಹಿಂದಿನ ತಿಂಗಳಷ್ಟೇ ಶಾರ್ಜಾದ ಅರಸ ಅರಮನೆಯ ದಂಗೆಯೊಂದರಲ್ಲಿ ಹತನಾಗಿದ್ದ; ಒಕ್ಕೂಟದ ಘೋಷಣೆಗೆ ಎರಡು ದಿನ ಮೊದಲು, ರಾಸ್ ಅಲ್ ಖೈಮಾ ತನ್ನದೆನ್ನುತ್ತಿದ್ದ ಟುಂಬ್ ದ್ವೀಪಗಳನ್ನು ಇರಾನ್ ವಶಪಡಿಸಿಕೊಂಡಿತ್ತು. ಆ ದೇಶ ಒಂದು ವರ್ಷವೂ ಬಾಳದೆಂದು ನಂಬಿದವರು ಆಗ ಅನೇಕರಿದ್ದರು.

ಅದು ಬಾಳಿತು. ಅಬುಧಾಬಿಯ ಎಣ್ಣೆಯ ಹಣ ಎಣ್ಣೆಯಿಲ್ಲದ ಪಾಳೆಯಗಳಿಗೆ ಆಸ್ಪತ್ರೆಯಾಗಿ, ಶಾಲೆಯಾಗಿ, ರಸ್ತೆಯಾಗಿ ಹರಿಯಿತು. ತಾತ್ಕಾಲಿಕ ಎಂದು ಒಪ್ಪಿಕೊಂಡ ಸಂವಿಧಾನವನ್ನು 1996ರವರೆಗೆ ತಾತ್ಕಾಲಿಕವಾಗಿಯೇ ಇಟ್ಟುಕೊಂಡು, ಒಪ್ಪಿಗೆಯಾಗದ ವಿಷಯಗಳನ್ನು ಪಕ್ಕಕ್ಕಿಟ್ಟು ಮುಂದೆ ನಡೆದರು. ಮೇಲಿನ ತೋಟದವನು ನೀರನ್ನು ಪೂರ್ತಿ ಹಿಡಿದಿಟ್ಟುಕೊಂಡರೆ ಕಾಲುವೆಯೇ ಹಾಳಾಗುತ್ತದೆ ಎಂಬುದನ್ನು ಅಲ್ ಐನ್‌ನಲ್ಲಿ ಇಪ್ಪತ್ತು ವರ್ಷ ಕಂಡುಂಡವರ ರಾಜಕಾರಣ ಇದು ಎಂದು ನನಗೆ ಅನ್ನಿಸುತ್ತದೆ. ಇದು ಪ್ರಜಾಪ್ರಭುತ್ವವಲ್ಲ, ಹಾಗೆಂದು ನಾನು ಹೇಳುತ್ತಲೂ ಇಲ್ಲ. ಅರಸರ ಮಾತೇ ಕೊನೆಯ ಮಾತು, ಟೀಕೆಗೆ ಅಲ್ಲಿ ಜಾಗ ತೀರಾ ಕಡಿಮೆ.

ಅಲ್ಲಿಯ ಬದುಕಿನ ನಡೆನುಡಿಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಮಜ್ಲಿಸ್‌ನ, ಅಂದರೆ ಅತಿಥಿಗಳು ಕೂರುವ ಪಡಸಾಲೆಯ, ಕಾಫಿ. ಹದವಾಗಿ ಹುರಿದ ಬೀಜದ, ಏಲಕ್ಕಿ ಬೆರೆತ, ಸಕ್ಕರೆಯಿಲ್ಲದ ಆ ಕಾಫಿಯನ್ನು ಎಡಗೈಯಲ್ಲಿ ಹಿಡಿದ ದಲ್ಲಾ ಪಾತ್ರೆಯಿಂದ ಬಗ್ಗಿಸಿ, ಬಲಗೈಯಿಂದ ಹಿಡಿಯಿಲ್ಲದ ಪುಟ್ಟ ಬಟ್ಟಲನ್ನು ನೀಡುತ್ತಾರೆ. ಬಟ್ಟಲನ್ನು ಎಂದೂ ತುಂಬಿಸುವುದಿಲ್ಲ, ತಳದಲ್ಲಿ ಒಂದಿಷ್ಟು ಮಾತ್ರ. ಸಾಕೆನಿಸಿದಾಗ ಬಟ್ಟಲನ್ನು ಮೆಲ್ಲಗೆ ಅಲುಗಿಸಿ ಹಿಂದಿರುಗಿಸಬೇಕು. ಅಲುಗಿಸದಿದ್ದರೆ ಮತ್ತೆ ಮತ್ತೆ ಸುರಿಯುತ್ತಲೇ ಇರುತ್ತಾರೆ. ಒಂದು ಕಾಲದಲ್ಲಿ ಆ ಏಲಕ್ಕಿ ನಮ್ಮ ಪಶ್ಚಿಮ ಘಟ್ಟಗಳದ್ದೇ ಆಗಿತ್ತು, ಈಗ ಬಹುಪಾಲು ಗ್ವಾಟೆಮಾಲದ್ದು. ಮದುವೆಗಳಲ್ಲಿ ಗಂಡಸರು ಎರಡು ಸಾಲಾಗಿ ಎದುರುಬದುರು ನಿಂತು, ತೆಳ್ಳನೆಯ ಬಿದಿರಿನ ಕೋಲುಗಳನ್ನು ಎತ್ತಿ ಇಳಿಸುತ್ತ, ಡೋಲಿನ ಗತಿಗೆ ತಲೆಯಾಡಿಸುತ್ತ ಮಾಡುವ ಅಲ್ ಅಯ್ಯಾಲಾ ಕುಣಿತವನ್ನು 2014ರಲ್ಲಿ ಯುನೆಸ್ಕೊ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆಡುಮಾತಿನ ಅರಬಿಯಲ್ಲಿ ಕಟ್ಟುವ ನಬತೀ ಕಾವ್ಯಕ್ಕೆ ಇಂದಿಗೂ ದೊಡ್ಡ ಕೇಳುಗವರ್ಗವಿದೆ. ಅಲ್ ಐನ್‌ನಲ್ಲಿ 1920ರಲ್ಲಿ ಹುಟ್ಟಿ 2018ರಲ್ಲಿ ತೀರಿಕೊಂಡ ಊಶಾ ಬಿಂತ್ ಖಲೀಫಾ ಅಲ್ ಸುವೈದಿ ಆ ಪರಂಪರೆಯ ಮಹಾಕವಯಿತ್ರಿ; ಶಾಲೆಯ ಕಟ್ಟಡವೇ ಇಲ್ಲದ ಕಾಲದಲ್ಲಿ ಬೆಳೆದ ಆ ಹೆಣ್ಣುಮಗಳ ಪದ್ಯಗಳನ್ನು ಅರಸರೂ ಬಾಯಿಪಾಠ ಹೇಳುತ್ತಾರೆ.

ಇನ್ನು ಅಲ್ಲಿಯ ರಾಷ್ಟ್ರೀಯ ವೃಕ್ಷ ಗಾಫ್. ಮರಳುದಿಬ್ಬಗಳ ನಡುವೆ ಒಂಟಿಯಾಗಿ ನಿಂತು, ಹತ್ತಾರು ಮೀಟರ್ ಆಳಕ್ಕೆ ಬೇರಿಳಿಸಿ ನೀರು ಹೀರುವ ಈ ಮರ ಬೇರಾವುದೂ ಅಲ್ಲ, ನಮ್ಮ ಶಮೀವೃಕ್ಷ, ಬನ್ನಿ. ಒಂಟೆಗೆ ಮೇವು, ಪಯಣಿಗನಿಗೆ ನೆರಳು, ಬರಗಾಲದಲ್ಲಿ ಮನುಷ್ಯನಿಗೂ ಅದರ ಎಳೆಯ ಎಲೆ ಆಹಾರ. ಅದನ್ನು ಕಡಿಯುವುದು ಅಲ್ಲಿ ಅಪರಾಧ. 2019ನ್ನು ಸಹಿಷ್ಣುತೆಯ ವರ್ಷವೆಂದು ಆಚರಿಸಿದಾಗ ಅದರ ಲಾಂಛನವಾಗಿ ಇದೇ ಮರವನ್ನು ಆರಿಸಿದ್ದರು. ದಸರೆಯ ಸಂಜೆ 'ಬನ್ನಿ ತಗೊಂಡು ಬಂಗಾರದ್ಹಾಂಗ ಇರೋಣ' ಎಂದು ಎಲೆ ಹಂಚಿಕೊಂಡು ಬೆಳೆದ ಉತ್ತರ ಕರ್ನಾಟಕದ ನಮ್ಮಂಥವರಿಗೆ ಆ ಮರದ ಕೆಳಗೆ ನಿಂತಾಗ ಪರದೇಶದಲ್ಲಿದ್ದೇವೆ ಎಂಬ ಭಾವನೆ ಬಹಳ ಹೊತ್ತು ಉಳಿಯುವುದಿಲ್ಲ.

ಆದರೂ ಪರದೇಶವೇ. ಆ ದೇಶದಲ್ಲಿ ನೆಲೆಸಿರುವವರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಹೊರಗಿನವರು, ಅವರಲ್ಲಿ ಭಾರತೀಯರೇ ಎಲ್ಲರಿಗಿಂತ ಹೆಚ್ಚು. ಮಂಗಳೂರು, ಉಡುಪಿ, ಭಟ್ಕಳಗಳ ಎಷ್ಟೋ ಮನೆಗಳ ಒಲೆ ಉರಿದದ್ದು ಅಲ್ಲಿಯ ಸಂಬಳದಿಂದ. ಇಷ್ಟಾದರೂ ಜೀವಮಾನವಿಡೀ ದುಡಿದವನಿಗೂ ಅಲ್ಲಿ ಪೌರತ್ವದ ದಾರಿ ಇಲ್ಲವೆನ್ನುವಷ್ಟು ಕಿರಿದು. ಹೆಚ್ಚಿನವರಿಗೆ ಕೆಲಸ ಹೋದರೆ ವೀಸಾ ಹೋಗುತ್ತದೆ, ವೀಸಾ ಹೋದರೆ ಮನೆ ಹೋಗುತ್ತದೆ. ನೀರನ್ನು ಅಷ್ಟು ನ್ಯಾಯವಾಗಿ ಹಂಚಲು ಕಲಿತವರು ತಮ್ಮ ಊರನ್ನು ಕಟ್ಟಿದವರಿಗೆ ಊರಿನಲ್ಲಿ ಒಂದು ಪಾಲನ್ನು ಕೊಡಲು ಇನ್ನೂ ಮನಸ್ಸು ಮಾಡಿಲ್ಲ ಎಂಬ ನೋವು ನನ್ನಲ್ಲಿದೆ. ನಾನು ನೋಡಿದ ಆ ತೋಟಗಾರ ಕೂಡ ಎಮಿರಾತಿಯಲ್ಲ, ಪಾಕಿಸ್ತಾನದ ಪಖ್ತೂನ್ ಸೀಮೆಯವನು. ಫಲಜ್‌ನ ಪಾಳಿ, ಮರದ ಜಾತಿ, ಯಾವ ಗೋಡೆ ಯಾವ ಮಳೆಗೆ ಕುಸಿಯುತ್ತದೆ ಎಂಬುದೆಲ್ಲ ಈಗ ತಿಳಿದಿರುವುದು ಹೆಚ್ಚಾಗಿ ಅಂಥವರಿಗೇ.

ಫಲಜ್‌ಗಳ ಸ್ಥಿತಿಯೂ ಮೊದಲಿನಂತಿಲ್ಲ. ಡೀಸೆಲ್ ಮತ್ತು ವಿದ್ಯುತ್ ಪಂಪುಗಳು ಬಂದು, ಹೊಸ ತೋಟಗಳಿಗಾಗಿ ಆಳವಾದ ಕೊಳವೆಬಾವಿಗಳನ್ನು ಕೊರೆದ ಮೇಲೆ ಅಂತರ್ಜಲ ತಾಯಿಬಾವಿಗಳ ತಳಕ್ಕಿಂತ ಕೆಳಗಿಳಿಯಿತು. ಹಲವು ಫಲಜ್‌ಗಳು ಒಣಗಿದವು. ಇಂದು ಆ ಕಾಲುವೆಗಳಲ್ಲಿ ಹರಿಯುವ ನೀರಿನ ಬಹುಪಾಲು ಪಂಪಿನಿಂದ ಎತ್ತಿ ಬಿಟ್ಟದ್ದು. ಕುಡಿಯುವ ನೀರು ಸಮುದ್ರದ ಉಪ್ಪು ತೆಗೆದು ಕೊಳವೆಯಲ್ಲಿ ಬರುತ್ತದೆ. ವರ್ಷಕ್ಕೆ ನೂರು ಮಿಲಿಮೀಟರ್ ಮಳೆಯೂ ಕಾಣದ ಆ ಸೀಮೆಯಲ್ಲಿ, 2024ರ ಏಪ್ರಿಲ್ 16ರಂದು, ಅಲ್ ಐನ್ ಬಳಿಯ ಖತ್ಮ್ ಅಲ್ ಶಕ್ಲಾದಲ್ಲಿ ಒಂದು ದಿನಕ್ಕೂ ಕಡಿಮೆ ಅವಧಿಯಲ್ಲಿ 254.8 ಮಿಲಿಮೀಟರ್ ಮಳೆ ಸುರಿಯಿತು. 1949ರಲ್ಲಿ ದಾಖಲೆ ಆರಂಭವಾದಂದಿನಿಂದ ಅಷ್ಟು ಮಳೆ ಆ ದೇಶದಲ್ಲಿ ಆದದ್ದಿಲ್ಲ. ವರ್ಷಕ್ಕೆ ಎಂಟುನೂರು ಮಿಲಿಮೀಟರಿಗೂ ಮಿಗಿಲಾಗಿ ಮಳೆ ಕಾಣುವ ನಮ್ಮ ಬೀದರಿಗೂ ಅದು ತಡೆಯಲಾಗದ ಮಳೆಯೇ.

ದುಬೈಗೆ ಹೋಗುವ ಕನ್ನಡಿಗರು ಒಂದು ದಿನ ಬಿಡುವು ಮಾಡಿಕೊಂಡು ಅಲ್ ಐನ್‌ಗೆ ಹೋಗಿಬರಲಿ. ಬಸ್ಸಿನಲ್ಲಿ ಎರಡು ಗಂಟೆಯೊಳಗಿನ ದಾರಿ. ನವೆಂಬರಿನಿಂದ ಫೆಬ್ರವರಿಯವರೆಗೆ ಹವೆ ಹಿತವಾಗಿರುತ್ತದೆ. ಜುಲೈಯಲ್ಲಿ ಹೋದರೆ ಬಿಸಿಲನ್ನು ಸಹಿಸಿಕೊಳ್ಳಬೇಕು, ಆದರೆ ಮರದಲ್ಲೇ ಹಣ್ಣಾದ ಖಲಾಸ್ ಖರ್ಜೂರ ಸಿಗುತ್ತದೆ. ಮೊದಲು ಹೀಲಿಯ ಗೋರಿಯನ್ನು ನೋಡಿ, ಅನಂತರ ತೋಟದ ಓಣಿಗಳಿಗೆ ಬನ್ನಿ, ಮತ್ತು ತೋಟದಲ್ಲಿ ಕೆಲಸ ಮಾಡುತ್ತಿರುವವರು ಎದುರಾದರೆ ನಿಂತು ಮಾತಾಡಿಸಿ. ಅವರಲ್ಲಿ ಹೆಚ್ಚಿನವರಿಗೆ ಹಿಂದಿ-ಉರ್ದು ಬರುತ್ತದೆ, ನೀರಿನ ಬಗ್ಗೆ ಕೇಳಿದರೆ ಕೆಲಸ ನಿಲ್ಲಿಸಿ ತೋರಿಸುತ್ತಾರೆ.